ಲೊರೆಟಾಳ ಕೈರುಚಿಯ ಗೌಜಲಕ್ಕಿ

ಕೆಲಸ ಕಳೆದುಕೊಂಡ ಗಂಡಸಿನಿಂದ ಮನೆಯವರಿಗೆ ಎರಡು ಬಗೆಯ ಕಷ್ಟ. ಸುಮ್ಮನೆ ಕೂತರೆ ಒಂದು, ಏನಾದರೂ ಮಾಡಲು ಹೊರಟರೆ ಇನ್ನೊಂದು. ನಾನು ಎರಡನ್ನೂ ಧಾರಾಳವಾಗಿ ಕೊಟ್ಟವನು. 2008ರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡಾಗ ಅಮೆರಿಕದ ಜರ್ಸಿ ಸಿಟಿಯ ನಮ್ಮ ಬ್ಯಾಂಕ್ ಆಫೀಸಿನಲ್ಲಿ ಒಂದು ಇಡೀ ಮಹಡಿಯನ್ನೇ ಮನೆಗೆ ಕಳಿಸಿದರು. ಆ ಮಹಡಿಯಲ್ಲಿ ನಾನೂ ಇದ್ದೆ. ನನ್ನ ಕೆಲಸ ಏನಾಗಿತ್ತು ಅಂದರೆ, ಮುಂದೆ ಬರಬಹುದಾದ ಅಪಾಯವನ್ನು ಮೊದಲೇ ಅಂದಾಜು ಮಾಡಿ ಮೇಲಿನವರಿಗೆ ತಿಳಿಸುವುದು. ನಗಬೇಡಿ. ಹಿಂದಿನ ದಿನ ಸಂಜೆಯಷ್ಟೇ ಮುಂದಿನ ವರ್ಷದ ಕ್ಯಾಲೆಂಡರನ್ನು ನನ್ನ ಮೇಜಿನ ಎದುರಿಗೆ ಅಂಟಿಸಿ ಬಂದಿದ್ದೆ.

ಮೊದಲ ಮೂರು ವಾರ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ಹೆಂಡತಿ ನಸೀಮಾ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವಳು, ಮಗಳು ಸನಾ ಸ್ಕೂಲ್ ಬಸ್ ಹತ್ತುವಳು, ನಾನು ಕಂಬಳಿ ಎಳೆದುಕೊಳ್ಳುವೆ. ಒಂದು ದಿನ ಸನಾ ಬಾಗಿಲಲ್ಲಿ ನಿಂತು, "ಅಬ್ಬಾ, ಆರ್ ಯು ಸಿಕ್?" ಎಂದು ಕೇಳಿದಳು. ಇಲ್ಲಮ್ಮ ಎಂದೆ. "ದೆನ್ ವೈ ಡೋಂಟ್ ಯು ಗೆಟ್ ಅಪ್?" ಎಂದಳು. ಒಂಬತ್ತು ವರ್ಷದ ಮಗುವಿನ ಎದುರಿಗೆ ಮುಖದ ಮೇಲೆ ಕಂಬಳಿ ಎಳೆದುಕೊಂಡೆ. ಈಗ ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಗಿತ್ತು. ಎದ್ದರೆ ಗಡ್ಡ ಹೆರೆಯಬೇಕು, ಗಡ್ಡ ಹೆರೆದರೆ ಎಲ್ಲಿಗಾದರೂ ಹೋಗಬೇಕು, ಹೋಗಲು ಒಂದು ಜಾಗವೂ ಇರಲಿಲ್ಲ.

ಅಂಥ ಒಂದು ಬೆಳಿಗ್ಗೆ ಕೆಳಗಿನ ಮನೆಯ ವಾಲ್ಟರ್ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ಎಪ್ಪತ್ತೆಂಟು ವರ್ಷದ ಕರಿಯ ಅಜ್ಜ, ಬಸ್ ಓಡಿಸಿ ರಿಟೈರ್ ಆದವರು, ಹರೆಯದಲ್ಲಿ ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಬಂದು ಇಲ್ಲೇ ನಿಂತವರು. ಅವರ ಇಂಗ್ಲಿಷು ಮಾತ್ರ ಇನ್ನೂ ಜಾರ್ಜಿಯಾದಲ್ಲೇ ಇತ್ತು, ಒಂದು ವಾಕ್ಯ ಮುಗಿಯುವಷ್ಟರಲ್ಲಿ ನಾವು ಟೀ ಕುಡಿದು ಲೋಟ ತೊಳೆದಿಡಬಹುದು. ಅವರ ಹೆಂಡತಿ ಲೊರೆಟಾ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ಇದ್ದಾಗ ಪ್ರತಿ ಭಾನುವಾರ ಕೆಳಗಿನಿಂದ ಹೊಗೆಯ ಘಮಲಿನ ಮಾಂಸದ ವಾಸನೆ ಮೇಲೆ ಬರುತ್ತಿತ್ತು. ನಸೀಮಾ ತಕ್ಷಣ ಅಡುಗೆಮನೆಯ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹೆಂಗಸರಿಗೆ ಊದುಬತ್ತಿ ಹಚ್ಚಲು ಕಾರಣ ಬೇಕಿಲ್ಲ ಎಂದುಕೊಂಡಿದ್ದೆ.

ವಾಲ್ಟರ್ ಕೈಯಲ್ಲಿ ಒಂದು ಭಾರಿ ಕಬ್ಬಿಣದ ಬಾಣಲೆ, ಮೇಲೆ ಅದಕ್ಕೆ ತಕ್ಕ ಮುಚ್ಚಳ. ಹೊಸದು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವರ ಅಡುಗೆಮನೆಯಲ್ಲಿ ಲೊರೆಟಾ ಬಳಸುತ್ತಿದ್ದ, ಮಸಿ ಹಿಡಿದ ಹಳೆಯ ಬಾಣಲೆ ಗೋಡೆಗೆ ತೂಗಾಡುವುದನ್ನು ನಾನೇ ಕಂಡಿದ್ದೆ. ಅದಿದ್ದೂ ಇದು ಯಾಕೆ ಎಂದು ಕ್ಷಣ ಅನ್ನಿಸಿತು, ಅಷ್ಟೆ.

"ಮೂರು ವಾರದಿಂದ ಮೆಟ್ಟಿಲ ಮೇಲೆ ನಿನ್ನ ಬೂಟಿನ ಸದ್ದಿಲ್ಲ, ಸನ್," ಎಂದರು. ನಾನು ತಲೆ ತಗ್ಗಿಸಿದೆ. "ನನ್ನ ಕೈ ನಡುಗುತ್ತೆ. ಬಿಸಿ ಬಾಣಲೆ ಎತ್ತೋಕಾಗಲ್ಲ. ಲೊರೆಟಾ ಗೌಜಲಕ್ಕಿ ಮಾಡ್ತಿದ್ಲಲ್ಲ, ಅದನ್ನ ಸಾಯೋದ್ರೊಳಗೆ ಇನ್ನೊಂದ್ಸಲ ತಿನ್ಬೇಕು. ನೀನು ಮಾಡ್ತೀಯಾ?"

"ಹೇಗೆ ಮಾಡ್ತಿದ್ರು?" ಎಂದೆ.

"ಹಕ್ಕಿಗೆ ಹಿಟ್ಟು ಸವರಿ, ಕೆಂಪಗೆ ಹುರಿದು, ಈರುಳ್ಳಿ ಹಾಕಿ, ನೀರು ಹಾಕಿ, ಮುಚ್ಚಳ ಮುಚ್ಚಿ, ಮರ್ತ್‌ಬಿಡ್ತಿದ್ಲು."

"ಎಷ್ಟು ಹೊತ್ತು?"

"ನೆನಪಾಗೋವರೆಗೂ."

ಅಲ್ಲಿಂದ ಶುರುವಾಯಿತು. ನಮ್ಮ ಬೀದಿಯ ಕೊನೆಯಲ್ಲಿ ಕೋಳಿ, ಬಾತು, ಗೌಜಲಕ್ಕಿಗಳನ್ನು ಎದುರಿಗೇ ಹಲಾಲ್ ಮಾಡಿಕೊಡುವ ಅಂಗಡಿಯಿತ್ತು. ಆರು ಹಕ್ಕಿ ತಂದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಮಾಂಸ ಬೇಯಿಸುವುದೆಂದರೆ ಒಂದೇ ದಾರಿ. ಹುರಿದದ್ದನ್ನೆಲ್ಲ ಕುಕ್ಕರಿಗೆ ಸುರಿದು, ಮುಚ್ಚಳ ತಿರುಗಿಸಿ, ಸೀಟಿ ಎಣಿಸುತ್ತ ನಿಂತೆ. ಮೂರನೆಯ ಸೀಟಿಗೆ ವಾಲ್ಟರ್ ಚಪ್ಪಲಿ ಇಲ್ಲದೆ ಮೇಲೆ ಓಡಿ ಬಂದರು, ಗ್ಯಾಸ್ ಪೈಪು ಒಡೆದಿದೆ ಎಂದು. ನಾನು ಹೆಮ್ಮೆಯಿಂದ ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಆರು ಹಕ್ಕಿಗಳ ಬದಲು ಗಂಜಿಯಿತ್ತು, ಗಂಜಿಯಲ್ಲಿ ಬೆಂಕಿಕಡ್ಡಿಯಂಥ ಮೂಳೆಗಳಿದ್ದವು. ಅಜ್ಜ ಬಗ್ಗಿ ನೋಡಿ, "ಲೊರೆಟಾ ಎಲ್ಲಿದ್ರೂ ಇದನ್ನ ನೋಡ್ಬಾರ್ದು," ಎಂದರು. ಮುಂದಿನ ಸಲದಿಂದ ಕುಕ್ಕರ್ ಮೂಲೆ ಸೇರಿ ಹೊಸ ಬಾಣಲೆ ಒಲೆ ಏರಿತು.

ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಬೇಕು, ಎರಡು ಗಂಟೆಗೆ ಊಟ, ಆದ್ದರಿಂದ ಹತ್ತಕ್ಕೆ ಒಲೆ ಹಚ್ಚಲೇಬೇಕು. ಸರಿಯಾಗಿ ಹತ್ತಕ್ಕೆ ವಾಲ್ಟರ್ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ತಮ್ಮ ಸೂರನ್ನು, ಅಂದರೆ ನಮ್ಮ ನೆಲವನ್ನು, ಮೂರು ಸಲ ಕುಟ್ಟುತ್ತಿದ್ದರು. ನಾನು ಕಾಲಲ್ಲಿ ಮೂರು ಸಲ ತುಳಿದು ಉತ್ತರ ಕೊಡಬೇಕು. ತುಳಿಯದಿದ್ದರೆ ಮತ್ತೆ ಕುಟ್ಟುವರು. ಹಾಸಿಗೆಯಲ್ಲಿ ಮಲಗಿ ನೆಲ ತುಳಿಯಲು ಬರುವುದಿಲ್ಲವಾದ್ದರಿಂದ ನಾನು ಏಳತೊಡಗಿದೆ. ಇನ್ನೊಬ್ಬರ ಮನೆಗೆ ಊಟ ಒಯ್ಯುವವನು ಗಡ್ಡ ಬಿಟ್ಟುಕೊಂಡು ಹೋದರೆ ಚೆನ್ನಾಗಿರುವುದಿಲ್ಲ, ಹಾಗಾಗಿ ಗಡ್ಡವನ್ನೂ ಹೆರೆಯತೊಡಗಿದೆ.

ದಿನ ಬಿಟ್ಟು ದಿನ ಅಡುಗೆ. ಗೌಜಲಕ್ಕಿ ಸಿಗದಿದ್ದರೆ ಬಾತು, ಒಮ್ಮೆ ಗಿನಿಕೋಳಿ, ಒಮ್ಮೆ ಮೊಲ. ಜೊತೆಗೆ ಅವರ ಕಡೆಯ ಗ್ರಿಟ್ಸ್, ಅದು ಮೆಕ್ಕೆಜೋಳದ ರವೆಯ ಗಂಜಿ, ಒಗ್ಗರಣೆಯನ್ನು ಕಾಣದ ಉಪ್ಪಿಟ್ಟು ಎನ್ನಬಹುದು. ವಾಲ್ಟರ್ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಎದುರಿಗೆ ನಿಂತಿರುವೆ. "ಹತ್ರ ಬಂದಿದೀಯ ಸನ್," ಎನ್ನುವರು, "ಆದ್ರೆ ಲೊರೆಟಾದ್ದು ಇದಲ್ಲ." ಆಮೇಲೆ ಒಂದು ಸುಳಿವು ಕೊಡುವರು. ಮೆಣಸು ಇನ್ನೂ ಒರಟಾಗಿತ್ತೇನೋ. ಸ್ವಲ್ಪ ವಿನೆಗರ್ ಹಾಕ್ತಿದ್ಲೇನೋ. ಒಂದು ಸಲ ಸೇಬು ಹಾಕಿದ್ಲು ಅನ್ಸುತ್ತೆ.

ನಾನು ಬಿಡುವವನೇ? ಕಂಪ್ಯೂಟರಿನಲ್ಲಿ ಒಂದು ದೊಡ್ಡ ಪಟ್ಟಿ ತಯಾರಿಸಿದೆ. ಉರಿಯ ಮಟ್ಟ, ಈರುಳ್ಳಿಯ ಜಾತಿ, ಹಿಟ್ಟಿನ ದಪ್ಪ, ಮುಚ್ಚಳ ತೆಗೆದ ಸಲ, ಎಲ್ಲಕ್ಕೂ ಒಂದೊಂದು ಕಾಲಂ. ಬ್ಯಾಂಕಿನಲ್ಲಿ ಹತ್ತು ವರ್ಷ ಕಲಿತ ವಿದ್ಯೆಯನ್ನೆಲ್ಲ ಗೌಜಲಕ್ಕಿಯ ಮೇಲೆ ಪ್ರಯೋಗಿಸಿದೆ. ಸಂಜೆ ನಸೀಮಾ ಬಂದರೆ ಕೋಟು ಕಳಚುವ ಮೊದಲೇ ಅವಳಿಗೆ ಅಂದಿನ ವರದಿ ಒಪ್ಪಿಸುವೆ. ಅವಳು ಬೇಸರಿಸದೆ ಕೇಳಿ, "ನಾಳಿದ್ದು ಇನ್ನೊಂದು ಥರ ಮಾಡಿ ನೋಡಿ," ಎನ್ನುವಳು. ಇಷ್ಟು ತಾಳ್ಮೆಯ ಹೆಂಡತಿ ನನಗೆ ಯಾವಾಗ ಬಂದಳು ಎಂದು ನಾನು ಯೋಚಿಸಲಿಲ್ಲ. ಅರ್ಜಿಗಳನ್ನು ಕಳಿಸುತ್ತಿದ್ದೆ, ಉತ್ತರ ಬರುತ್ತಿರಲಿಲ್ಲ. ಆದರೆ ಹತ್ತಕ್ಕೆ ಪೊರಕೆಯ ಸದ್ದು ಮಾತ್ರ ತಪ್ಪದೆ ಬರುತ್ತಿತ್ತು.

ಏಳು ತಿಂಗಳ ಮೇಲೆ ಮಾರಿಸ್‌ಟೌನಿನ ಒಂದು ಕಂಪನಿಯಿಂದ ಕರೆ ಬಂತು. ಮತ್ತೆ ಅದೇ ಅಪಾಯ ಅಂದಾಜು ಮಾಡುವ ಕೆಲಸ. ಬಿಸಿ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಕೆಳಗೆ ಓಡಿ ವಾಲ್ಟರ್‌ಗೆ ಹೇಳಿದೆ. ಅವರು ಕೈ ಕುಲುಕಿ, ಕೂತು, ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಂದು ಬಹಳ ಹೊತ್ತು ತೆರೆಯಲಿಲ್ಲ. ತೆರೆದಾಗ ಕಣ್ಣು ಒದ್ದೆಯಾಗಿತ್ತು. "ಇದೇ, ಸನ್," ಎಂದರು. "ಲೊರೆಟಾದ್ದು ಇದೇ."

ಮೇಲೆ ಬಂದು ಪಟ್ಟಿಯ ಕೊನೆಯ ಸಾಲಿನಲ್ಲಿ 'ಯಶಸ್ವಿ, ಪ್ರಾಜೆಕ್ಟ್ ಮುಗಿದಿದೆ' ಎಂದು ಬರೆದೆ. ಭಾನುವಾರ ಬಂದು ಮಾಡಿಕೊಡುತ್ತೇನೆ ಎಂದು ಹೇಳಿದ್ದೆ. ಹೊಸ ಕೆಲಸ, ರೈಲು ಬದಲಾಯಿಸಿ ದಿನಾ ಕಮ್ಯೂಟ್ ಮಾಡಬೇಕು, ಭಾನುವಾರ ಬಂದರೆ ಮೈ ಏಳುತ್ತಿರಲಿಲ್ಲ. ಬೇಕಾದ ರುಚಿ ಅವರಿಗೆ ಸಿಕ್ಕಾಯಿತಲ್ಲ, ಅವಸರವೇನು ಎಂದುಕೊಂಡೆ. ಹೀಗೆ ಐದು ಭಾನುವಾರ ಹೋದವು. ಅವುಗಳಲ್ಲಿ ಒಂದು ದಿನವೂ ಕೆಳಗಿನಿಂದ ಯಾರೂ ನೆಲ ಕುಟ್ಟಲಿಲ್ಲ. ಆರನೆಯ ವಾರ, ನಾನು ಆಫೀಸಿನಲ್ಲಿದ್ದಾಗ ವಾಲ್ಟರ್ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಹೃದಯ ನಿಂತಿತಂತೆ.

ಅವರ ಚರ್ಚಿಗೆ ಹೋಗಿ ಮಣ್ಣು ಮುಗಿಸಿ ಬಂದ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಅಳುತ್ತಲೇ, ನಾಚಿಕೆಯಾಗುತ್ತದೆ ಹೇಳಲು, ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಏನೇ ಆಗಲಿ, ಆ ರುಚಿಯನ್ನು ಹುಡುಕಿ ಅವರ ಬಾಯಿಗೆ ಹಾಕಿದೆನಲ್ಲ ಎಂದೆ.

ನಸೀಮಾ ಬಂದು ಎದುರಿಗೆ ಕೂತಳು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅದು ಸನಾಗೆ ಅರ್ಥವಾಗುವುದರಿಂದ ಜಗಳಕ್ಕೂ ಗುಟ್ಟಿಗೂ ಕನ್ನಡವನ್ನು ಇಟ್ಟುಕೊಂಡಿದ್ದೇವೆ. ಅವಳು ಕನ್ನಡದಲ್ಲಿ ಶುರು ಮಾಡಿದಳು.

"ರೀ, ಬೇಜಾರ್ ಮಾಡ್ಕೋಬೇಡಿ. ಲೊರೆಟಾ ಆಂಟಿ ಅದನ್ನ ಹಂದಿ ಕೊಬ್ಬಲ್ಲಿ ಹುರೀತಿದ್ರು. ಹೊಗೆ ಹಾಕಿದ ಹಂದಿ ಕಾಲಿನ ಮೂಳೆ ಹಾಕಿ ಬೇಯಿಸ್ತಿದ್ರು. ಅದಿಲ್ದೆ ಆ ರುಚಿ ಬರೋದೇ ಇಲ್ಲ."

"ನಿಂಗ್ಯಾರು ಹೇಳಿದ್ರು?"

"ಅವ್ರೇ. ಮೊದಲನೇ ವಾರಾನೇ, ನಮ್ಮಂಗ್ಡಿಗೆ ಮಾತ್ರೆ ತಗೊಳ್ಳೋಕೆ ಬಂದಾಗ. 'ನಿಮ್ಮನೆ ಒಲೆ ಮೇಲೆ ಬರಬಾರದ್ದನ್ನ ನಾನು ಕೇಳಲ್ಲಮ್ಮ, ಅವನು ಹುಡುಕ್ತಾ ಇರ್ಲಿ, ಸರಿಯಾಗಿದೆ ಅಂದ್ಬಿಟ್ರೆ ಮತ್ತೆ ಹೋಗಿ ಮಲ್ಕೋತಾನೆ' ಅಂದ್ರು. ನಾನೂ ಹೂಂ ಅಂದೆ."

"ಮತ್ತೆ ಕೊನೇ ದಿನ ಇದೇ ಅಂದ್ರಲ್ಲ?"

"ಅವತ್ತು ನಿಮಗೆ ಕೆಲಸ ಸಿಕ್ಕಿತ್ತಲ್ರೀ."

ಪಕ್ಕದ ಕೋಣೆಯಿಂದ ಸನಾ ಕೂಗಿದಳು, "ವೈ ಆರ್ ಯು ಗೈಸ್ ಫೈಟಿಂಗ್?"

ಮೆಣಸು, ಸೇಬು, ವಿನೆಗರ್, ಎಲ್ಲ ಸುಳಿವುಗಳೂ ನನ್ನನ್ನು ಇನ್ನೊಂದು ದಿನ ಎಬ್ಬಿಸಲೆಂದು ಮುದುಕ ಕೂತಲ್ಲೇ ಹೆಣೆದವು. ಹಂದಿ ಕೊಬ್ಬು ಕುಡಿದ ಹಳೆಯ ಬಾಣಲೆ ಬಿಟ್ಟು, ನಡುಗುವ ಕೈಯಲ್ಲಿ ಅಂಗಡಿಯಿಂದ ಹೊಸದನ್ನು ಯಾಕೆ ಹೊತ್ತು ತಂದರು ಎಂಬುದೂ ಆಗಲೇ ಹೊಳೆದದ್ದು. ಏಳು ತಿಂಗಳು ಅವರಿಗೆ ಬೇಕಾದ ರುಚಿ ಒಂದು ದಿನವೂ ಸಿಗಲಿಲ್ಲ. ನನ್ನ ಹತ್ತಿರ ಅವರು ಕೇಳಬಹುದಾಗಿದ್ದದ್ದು ಭಾನುವಾರದ ಊಟಕ್ಕೆ ಒಬ್ಬರ ಜೊತೆ ಮಾತ್ರ, ಅದನ್ನು ನಾನು ಕೊಡಲಿಲ್ಲ.

ಈಗಲೂ ಭಾನುವಾರ ಹತ್ತಕ್ಕೆ ಆ ಬಾಣಲೆಯನ್ನು ಒಲೆಯ ಮೇಲಿಡುತ್ತೇನೆ. ಇಡುವ ಮೊದಲು ನೆಲವನ್ನು ಮೂರು ಸಲ ತುಳಿಯುತ್ತೇನೆ. ಕೆಳಗೆ ಹೊಸದಾಗಿ ಬಂದವರು ಇದರ ಬಗ್ಗೆ ಎರಡು ಸಲ ದೂರು ಕೊಟ್ಟಿದ್ದಾರೆ. ಪಟ್ಟಿಯ ಕೊನೆಯ ಸಾಲನ್ನು ಅಳಿಸಿದ್ದೇನೆ. ಕಿಟಕಿ, ಊದುಬತ್ತಿ, ಹೊಸ ಬಾಣಲೆ, ಹೆಂಡತಿಯ ತಾಳ್ಮೆ, ಇವಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ಮಾರಿಸ್‌ಟೌನಿನವರು ಮಾತ್ರ ನಾನು ಮುಂದಾಗುವುದನ್ನು ಮೊದಲೇ ಕಂಡು ಹೇಳುವವನು ಎಂದು ನಂಬಿ ಇಟ್ಟುಕೊಂಡಿದ್ದಾರೆ. ಪಾಪ, ಅವರಿಗೆ ಇನ್ನೂ ಗೊತ್ತಾಗಿಲ್ಲ.