ಯಾವ ಪಕ್ಷವೂ ಅಲ್ಲದವನ ಸಿಲಿಂಡರ್

ಪಾಯಸದ ಬೇಳೆ ಅರ್ಧ ಬೆಂದಿತ್ತು, ಅಷ್ಟರಲ್ಲಿ ಗ್ಯಾಸ್ ಮುಗಿದುಹೋಯಿತು. ಕೃಷ್ಣಕುಮಾರನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಬೇರೆ ದಿನವಾಗಿದ್ದರೆ ಹೋಟೆಲಿಂದ ಏನಾದರೂ ಕಟ್ಟಿಸಿಕೊಂಡು ಬಂದು ಸುಮ್ಮನಾಗುತ್ತಿದ್ದ. ಆದರೆ ಅವತ್ತು ಅಪ್ಪ ವೆಂಕಟರಂಗಯ್ಯ ತೀರಿಕೊಂಡ ದಿನ, ವರ್ಷದ ತಿಥಿ. ಎಡೆ ಇಡುವ ತನಕ ಅವ್ವ ಚಿಕ್ಕಗಂಗಮ್ಮ ಹನಿ ನೀರೂ ಮುಟ್ಟುವವಳಲ್ಲ. ಎಪ್ಪತ್ತೆರಡು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಪಕ್ಕದ ಮನೆ ಒಲೆಯಲ್ಲಿ ಬೇಯಿಸಿಕೊಂಡು ಬರ್ತೀನಿ ಎಂದ ಸೊಸೆ ನೇತ್ರಾವತಿಗೆ ಮುದುಕಿ, "ನಿಮ್ ಮಾವ ಕಂಡೋರ್ ಒಲೇಲಿ ಬೆಂದಿದ್ದು ಒಂದ್ ದಿನಾನೂ ತಿಂದೋರಲ್ಲ," ಎಂದು ಬಾಯಿ ಮುಚ್ಚಿಸಿದ್ದಳು.

"ಹನ್ನೆರಡರ ಒಳಗೆ ಬಂದ್ಬುಡಿ," ಅಂದಳು ನೇತ್ರಾವತಿ. "ಅತ್ತೆ ಕೈ ಆಗ್ಲೇ ನಡುಗ್ತಾ ಐತೆ."

ಖಾಲಿ ಸಿಲಿಂಡರನ್ನು ಸ್ಕೂಟರಿನಲ್ಲಿ ಕಾಲ ಸಂದಿಗೆ ಇಟ್ಟುಕೊಂಡು ಮರಳೂರಿನಿಂದ ಬಟವಾಡಿಯ ಗೋಡೌನಿಗೆ ಓಡಿದ. ಅವರಿವರಿಗೆ ಕೈ ಮುಗಿದು ತುಂಬಿದ್ದೊಂದು ಹಾಕಿಸಿಕೊಂಡು ಹನ್ನೊಂದಕ್ಕೆಲ್ಲ ವಾಪಸು ಹೊರಟ. ನೆಟ್ಟಗೆ ಮನೆ ಸೇರಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಟೌನ್‌ಹಾಲ್ ಹತ್ತಿರ ರಸ್ತೆ ಬಂದ್ ಆಗಿತ್ತು.

ರಸ್ತೆಯ ಈ ಬದಿಯಲ್ಲಿ ರಾಜ್ಯ ಆಳುವ ಪಕ್ಷದವರು. ಗ್ಯಾಸು, ಪೆಟ್ರೋಲು ತುಟ್ಟಿಯಾಗಿದ್ದಕ್ಕೆ ಕೇಂದ್ರವೇ ಹೊಣೆ ಅಂತ ಇವರ ಕೂಗು. ಆ ಬದಿಯಲ್ಲಿ ಕೇಂದ್ರ ಆಳುವ ಪಕ್ಷದವರು. ಹಾಲು, ಬಸ್ ಚಾರ್ಜು ತುಟ್ಟಿಯಾಗಿದ್ದಕ್ಕೆ ರಾಜ್ಯವೇ ಹೊಣೆ ಅಂತ ಅವರ ಕೂಗು. ಎರಡೂ ಕಡೆಗೆ ಮೈಕು ಕೊಟ್ಟವನು ಒಬ್ಬನೇ. ಅವನು ಮಾತ್ರ ಯಾರನ್ನೂ ಬೈಯದೆ ಮರದ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ.

ಗ್ಯಾಸಿಗಾಗಿ ಕೂಗುತ್ತಿದ್ದ ಈ ಬದಿಯವರಿಗೆ ಒಂದು ಫಜೀತಿಯಾಗಿತ್ತು. ಸಿಲಿಂಡರಿಗೆ ಹಾರ ಹಾಕಿ ಪೂಜೆ ಮಾಡುವುದು ಅವರ ಕಾರ್ಯಕ್ರಮ. ಹಾರ ಬಂದಿದೆ, ಊದುಬತ್ತಿ ಬಂದಿದೆ, ಟಿವಿಯವರೂ ಬಂದಿದ್ದಾರೆ. ಸಿಲಿಂಡರ್ ಮಾತ್ರ ಅವನು ತರ್ತಾನೆ ಅಂತ ಇವನು, ಇವನು ತರ್ತಾನೆ ಅಂತ ಅವನು, ಕೊನೆಗೆ ಯಾರೂ ತಂದಿಲ್ಲ. ಮುಖಂಡ ಪುಟ್ಟರಂಗಯ್ಯನ ಕಣ್ಣು ಸ್ಕೂಟರಿನ ಮೇಲೆ ಬಿತ್ತು. ಈ ಪುಟ್ಟರಂಗಯ್ಯ ಬೇರೆ ಯಾರೂ ಅಲ್ಲ, ಕೃಷ್ಣಕುಮಾರ ಬಾಡಿಗೆಗಿರುವ ಮನೆಯ ಓನರ್ರು.

"ಏನಪ್ಪಾ ಕೃಷ್ಣ, ದೇವ್ರು ಕಳಿಸ್ದಂಗೆ ಬಂದೆ ನೋಡು. ಇಳಿಸು ಅದ್ನ."

"ಅಣ್ಣ, ಮನೇಲಿ ಅಪ್ಪನ ಎಡೆ ಐತೆ. ಅವ್ವ ಉಪವಾಸ ಕೂತವ್ಳೆ."

"ಐದ್ ನಿಮಿಷ ಕಣಪ್ಪ. ನಿನ್ನಂಥೋರಿಗೋಸ್ಕರಾನೇ ತಾನೆ ನಾವು ಬಿಸ್ಲಲ್ಲಿ ನಿಂತು ಬಡ್ಕೊಳ್ತಿರೋದು?"

ಓನರಿಗೆ ಇಲ್ಲ ಅನ್ನುವ ಬಾಡಿಗೆದಾರ ತುಮಕೂರಲ್ಲಿ ಇನ್ನೂ ಹುಟ್ಟಿಲ್ಲ. ಇಳಿಸಿದ. ಸಿಲಿಂಡರಿಗೆ ಹಾರ ಬಿತ್ತು, ಅರಿಶಿನ ಕುಂಕುಮ ಬಿತ್ತು, ಮಂಗಳಾರತಿಯೂ ಆಯಿತು. ಮನೆಯಲ್ಲಿ ಅಪ್ಪನ ಫೋಟೋಗೆ ಇನ್ನೂ ಒಂದು ಹೂವೂ ಏರಿರಲಿಲ್ಲ.

ಪೂಜೆ ಮುಗಿದು ಇನ್ನೇನು ಎತ್ತಿಕೊಳ್ಳಬೇಕು, ಆ ಬದಿಯಿಂದ ಯಾರೋ ಚಪ್ಪಾಳೆ ತಟ್ಟಿ ಕರೆದರು. ನೋಡಿದರೆ ಮಹಾಲಿಂಗಯ್ಯ. ಕೃಷ್ಣಕುಮಾರ ಗುಮಾಸ್ತನಾಗಿರುವ ಪ್ರೈವೇಟ್ ಸ್ಕೂಲಿನ ಕಮಿಟಿ ಅಧ್ಯಕ್ಷರು, ಹಾಲಿನ ಕಡೆಯ ಮುಖಂಡರು.

"ಏನ್ರೀ ಕೃಷ್ಣಕುಮಾರ್, ಅಪ್ಪನ ತಿಥಿ ಅಂತ ರಜಾ ಬರ್ದಿದ್ರಿ. ತಿಥಿ ಇಲ್ಲಿ ಮಾಡ್ತಿದೀರಾ?"

"ಸಾರ್, ಮನೇಲೇ ಸಾರ್. ಗ್ಯಾಸ್ ತಗೊಂಡು ಹೋಗ್ತಿದ್ದೆ, ಅಷ್ಟರಲ್ಲಿ..."

"ಆ ಪಾರ್ಟಿಯೋರಿಗೆ ಕೊಡಕ್ಕೆ ಟೈಮ್ ಐತೆ, ನಮಗಿಲ್ಲ. ಇರ್ಲಿ ಬಿಡಿ, ಸೋಮವಾರ ಸ್ಕೂಲಲ್ಲಿ ಮಾತಾಡಣ."

ಸೋಮವಾರದ ಮಾತು ಕೇಳಿದ ಮೇಲೆ ಇನ್ನೇನಿದೆ? ಮಹಾಲಿಂಗಯ್ಯನ ಕಡೆಯವರು ರಸ್ತೆಯಲ್ಲೇ ಟೀ ಕಾಯಿಸಿ ಜನಕ್ಕೆ ಹಂಚಿ ಹಾಲಿನ ರೇಟು ಎಷ್ಟಾಯಿತು ಅಂತ ತಿಳಿಸಬೇಕಾಗಿತ್ತು. ತಂದಿದ್ದ ಸೌದೆ ಹಿಂದಿನ ದಿನದ ಮಳೆಗೆ ನೆಂದು ಹೊಗೆಯಾಡುತ್ತಿತ್ತು. ಹಾರ ಹಾಕಿಸಿಕೊಂಡ ಸಿಲಿಂಡರನ್ನು ಇಬ್ಬರು ಹೊತ್ತು ರಸ್ತೆ ದಾಟಿಸಿದರು. ಎದುರು ಹೋಟೆಲಿನಿಂದ ಬರೀ ಒಲೆ ತಂದು ಪೈಪು ಸಿಕ್ಕಿಸಿದರು. ಇಪ್ಪತ್ತು ಲೀಟರ್ ಹಾಲು ಒಲೆ ಏರಿತು. ಇವರು ಹತ್ತು ನಿಮಿಷ ಅಂದದ್ದು ಒಂದೂವರೆ ಗಂಟೆಯಾಯಿತು. ಬೆಲೆಯೇರಿಕೆಗೆ ಯಾರು ಹೊಣೆ ಅಂತ ಮೈಕಿನಲ್ಲಿ ಒಬ್ಬೊಬ್ಬರೇ ಬಿಡಿಸಿ ಬಿಡಿಸಿ ಹೇಳಿದರು. ಕೇಳುತ್ತ ನಿಂತ ಕೃಷ್ಣಕುಮಾರನ ಹೊಟ್ಟೆ ಉರಿಯುತ್ತಿತ್ತು, ಆ ಕಡೆ ಅವನ ಗ್ಯಾಸೂ ಉರಿಯುತ್ತಿತ್ತು.

ನೇತ್ರಾವತಿಯ ಫೋನು ಬಂತು. "ಅತ್ತೆ ಗೋಡೆಗೊರಗಿ ಕೂತ್ಬುಟ್ಟವ್ರೆ ಕಣ್ರೀ. ಒಂದ್ ಚೂರು ಬೆಲ್ಲ ಬಾಯಿಗೆ ಹಾಕ್ಕೊಳಿ ಅಂದ್ರೆ ತಲೆ ಅಲ್ಲಾಡಿಸ್ತಾರೆ. ಎಲ್ಲಿದೀರಾ?"

"ಬಂದೆ, ಬಂದೆ," ಅಂದ. ಎಲ್ಲಿದೀನಿ ಅಂತ ಹೇಳದೆ ಫೋನು ಇಟ್ಟ.

ಅಷ್ಟು ಹೊತ್ತಿಗೆ ಪುಟ್ಟರಂಗಯ್ಯ ರಸ್ತೆಯಾಚೆ ತಿರುಗಿ ನೋಡಿದ. ತಾನು ಕೈಯಾರೆ ಪೂಜೆ ಮಾಡಿದ ಸಿಲಿಂಡರು ವಿರೋಧಿಗಳಿಗೆ ಟೀ ಕಾಯಿಸಿಕೊಡುತ್ತಿದೆ. "ನಮ್ ಸಿಲಿಂಡರ್ ಕದ್ದವ್ರೆ ಕಣ್ರೋ," ಅಂದದ್ದೇ ತಡ, ಐವತ್ತು ಜನ ರಸ್ತೆಗೆ ನುಗ್ಗಿದರು. ಈ ಕಡೆಯವರು ಹಾರ ಹಿಡಿದು ಎಳೆದರು, ಆ ಕಡೆಯವರು ಪೈಪು ಹಿಡಿದು ಎಳೆದರು. "ಸಾರ್, ಅದು ನಂದು," ಅಂತ ನಡುವೆ ನುಗ್ಗಿದವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಟೀ ಪಾತ್ರೆ ಮಗುಚಿ ಒಬ್ಬ ಪೊಲೀಸ್ ಪೇದೆಯ ಕಾಲ ಮೇಲೆ ಬಿತ್ತು. ಮುಂದಿನ ಹತ್ತು ನಿಮಿಷದಲ್ಲಿ ಪೊಲೀಸರು ಎರಡೂ ಪಕ್ಷದವರನ್ನು, ಕೃಷ್ಣಕುಮಾರನನ್ನು, ಸಿಲಿಂಡರನ್ನು ವ್ಯಾನಿಗೆ ತುಂಬಿಕೊಂಡು ಹೋಗಿ ಒಂದು ಕಲ್ಯಾಣ ಮಂಟಪದೊಳಗೆ ಬಿಟ್ಟರು.

ಅಲ್ಲಿ ಎಲ್ಲರಿಗೂ ಚಿತ್ರಾನ್ನದ ಪೊಟ್ಟಣ ಬಂತು. ಬೀದಿಯಲ್ಲಿ ಕುತ್ತಿಗೆ ಪಟ್ಟಿ ಹಿಡಿದಿದ್ದವರೆಲ್ಲ ಒಂದೇ ಸಾಲಿನಲ್ಲಿ ಕೂತು, ಕಡಲೆಬೀಜ ಕಮ್ಮಿ ಆಯ್ತು ಅಂತ ಮಾತಾಡಿಕೊಂಡು ತಿಂದರು. ಕೃಷ್ಣಕುಮಾರ ಪೊಟ್ಟಣ ಬಿಚ್ಚಲಿಲ್ಲ. ಎಡೆ ಇಡದೆ ಮಗ ತಾನೇ ಹೇಗೆ ತಿಂದಾನು?

ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ಎರಡೂ ಪಕ್ಷದವರು ತಮ್ಮ ತಮ್ಮ ಕಾರ್ಯಕರ್ತರ ಪಟ್ಟಿ ಕೊಟ್ಟಿದ್ದರು. ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ ಎದ್ದು ಪಂಚೆ ಕೊಡವಿಕೊಂಡು ಹೋದರು. ಕೊನೆಗೆ ಉಳಿದವರು ಇಬ್ಬರು ಮುಖಂಡರು ಮತ್ತು ಕೃಷ್ಣಕುಮಾರ.

"ನೀನ್ಯಾವ ಪಾರ್ಟಿ?"

"ಯಾವ್ದೂ ಅಲ್ಲ ಸಾರ್."

"ಹಂಗಾದ್ರೆ ಯಾವ ಲಿಸ್ಟಲ್ಲಿ ಬಿಡ್ಲಿ ನಿನ್ನ?" ಇನ್ಸ್‌ಪೆಕ್ಟರ್ ಮುಖಂಡರ ಕಡೆ ತಿರುಗಿದರು. "ನೋಡಿ, ನಮ್ ಪೇದೆ ಕಾಲು ಬೆಂದೋಗೈತೆ. ಮೇಲಿನೋರಿಗೆ ನಾನು ಒಂದ್ ಹೆಸ್ರು ಕೊಡ್ಲೇಬೇಕು. ಹೊಣೆ ಯಾರು, ನೀವೇ ಹೇಳಿ."

"ಅವ್ರೇ," ಅಂದ ಪುಟ್ಟರಂಗಯ್ಯ. "ಇವ್ರೇ," ಅಂದರು ಮಹಾಲಿಂಗಯ್ಯ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ತೊಳೆದು ಬರ್ತೀವಿ ಅಂತ ನಲ್ಲಿಯ ಹತ್ತಿರ ಹೋದರು. ಬರುವಾಗ ಒಬ್ಬರ ಹೆಗಲ ಮೇಲೆ ಒಬ್ಬರ ಕೈಯಿತ್ತು.

"ಸಾರ್, ಆ ಸಿಲಿಂಡರ್ ಅಲ್ಲಿಗೆ ತಂದೋನು ಇವ್ನು," ಅಂದ ಪುಟ್ಟರಂಗಯ್ಯ.

"ಅದೂ ತುಂಬಿರೋದು ಸಾರ್," ಅಂದರು ಮಹಾಲಿಂಗಯ್ಯ. "ನಾನು ಮೂವತ್ ವರ್ಷದಿಂದ ಪ್ರತಿಭಟನೆ ಮಾಡ್ತಿದೀನಿ. ಯಾರಾದ್ರೂ ತುಂಬಿದ ಸಿಲಿಂಡರ್ ತರ್ತಾರಾ?"

ಬೆಳಗ್ಗೆಯಿಂದ ಒಂದು ಮಾತಿಗೂ ಒಪ್ಪದ ಎರಡು ಪಕ್ಷ ಇದೊಂದಕ್ಕೆ ಒಪ್ಪಿಬಿಟ್ಟವು. ಆರೋಪಿ ಅಂತ ಇದ್ದ ಕಡೆ ಕೃಷ್ಣಕುಮಾರನ ಹೆಸರು ಬಿತ್ತು. ಸಾಕ್ಷಿ ಅಂತ ಇದ್ದ ಕಡೆ ಇಬ್ಬರೂ ಮುಖಂಡರು ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು. ಹೋಗುವಾಗ ಪುಟ್ಟರಂಗಯ್ಯ ಅವನ ಬೆನ್ನು ತಟ್ಟಿ, "ಧೈರ್ಯವಾಗಿರು, ನಾವಿಲ್ವಾ," ಅಂದ.

ಮತ್ತೆ ಫೋನು ಹೊಡೆದುಕೊಂಡಿತು.

"ಅವ್ವ ಏನಾದ್ರೂ ತಿಂದ್ಲಾ?" ಕೇಳಿದ.

"ಎಡೆ ಇಡದೆ ಹೆಂಗ್ ತಿಂತಾರೆ? ಮಾತೂ ಆಡ್ತಿಲ್ಲ. ಗ್ಯಾಸ್ ಸಿಕ್ತಾ, ಇಲ್ವಾ?"

"ಸಿಕ್ತು ಕಣೇ," ಅಂದ ಕೃಷ್ಣಕುಮಾರ. "ನಾಳೆ ಕೋರ್ಟಿಗೆ ಹೋಗ್ತದಂತೆ, ನನ್ ಜೊತೆ."