ಪಕ್ಕಡದ ಬಾಯಿ ನೋಡುವ ಕೆಲಸ

ನನ್ನ ಕೆಲಸ ಏನೆಂದು ಕೇಳಿದವರು ಮೊದಲು ಇನ್ನೊಮ್ಮೆ ಕೇಳುತ್ತಾರೆ, ಆಮೇಲೆ ನಗುತ್ತಾರೆ. ಯಾರೂ ನಗದೇ ಉಳಿದ ದಿನ ಕೆಲಸವೇ ಏನಾದರೊಂದು ಮಾಡಿ ನಗಿಸುತ್ತದೆ. ವಾಯರಿನ ತುದಿಗೆ ಥಿಂಬಲ್, ಅಂದರೆ ಬೋಲ್ಟಿನ ತೂತಿರುವ ತಾಮ್ರದ ಟೊಪ್ಪಿಗೆ, ತೊಡಿಸಿ ಗಟ್ಟಿಯಾಗಿ ಒತ್ತುವ ಇಕ್ಕಳ, ನಮ್ಮ ಕಡೆಯ ಕೈಪಕ್ಕಡ, ಇರುತ್ತದಲ್ಲ, ಅದರ ತಪಾಸಣೆ ನನ್ನದು. ಒತ್ತಿದ್ದು ಸಡಿಲಾದರೆ ವಾಯರ್ ಬಿಸಿಯಾಗಿ, ಕೊನೆಗೆ ಸುಟ್ಟೇ ಹೋಗುತ್ತದೆ. ಅದಕ್ಕೇ ಗೋಕಾಕದ ನಮ್ಮ ಎಲೆಕ್ಟ್ರಿಕಲ್ ಅಂಗಡಿಯಿಂದ ಹೊರಟು ಸುತ್ತಲಿನ ವರ್ಕ್‌ಶಾಪುಗಳಿಗೆ ಹೋಗುತ್ತೇನೆ. ಪಕ್ಕಡಗಳ ಬಾಯಿ ತೆರೆದು ನೋಡಿ, ಬ್ರಶ್ಶಿನಿಂದ ತಿಕ್ಕಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ಬರುತ್ತೇನೆ.

ನಾಗನೂರಿನ ಅಜ್ಜಿ

ಒಮ್ಮೆ ಮೂಡಲಗಿಯ ಬಸ್ಸಿನಲ್ಲಿ ಕೂತಿದ್ದೆ. ರಸ್ತೆಯ ತಗ್ಗಿಗೆ ಬಸ್ಸು ಹಾರಿದ ರಭಸಕ್ಕೆ ಚೀಲದಿಂದ ಒಂದು ಪಕ್ಕಡ ಕೆಳಗೆ ಬಿತ್ತು. ಬಾಯಿಗೆ ಪೆಟ್ಟಾಯಿತೇನೋ ಎಂದು ಗಾಬರಿಯಾಗಿ, ಟಾರ್ಚ್ ಹಾಕಿ, ಸಣ್ಣ ಕನ್ನಡಿ ಹಿಡಿದು ಒಳಗೆ ನೋಡತೊಡಗಿದೆ. ನಾಗನೂರಿನಲ್ಲಿ ಹತ್ತಿ ನನ್ನ ಬಾಜೂ ಕೂತಿದ್ದ ಅಜ್ಜಿ ಇದನ್ನೇ ನೋಡುತ್ತಿದ್ದವಳು ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ತೆಗೆದಳು.

"ಯವ್ವಾ, ಚಲೋ ಆತು ನೀ ಸಿಕ್ಕಿದ್ದು. ಈ ಕಡೀದು ಅಳ್ಳಾಡಾಕತ್ತೈತಿ, ಒಂಚೂರು ನೋಡು" ಎಂದವಳೇ ಆ ಎಂದು ಬಾಯಿ ತೆರೆದಳು.

"ಅಜ್ಜಿ, ನಾ ಹಲ್ಲಿನ ಡಾಕ್ಟರ್ ಅಲ್ಲ. ಇದು ವಾಯರಿಗೆ ಹಚ್ಚೂ ಪಕ್ಕಡ."

ಅಜ್ಜಿಯ ಮುಖ ಅರಳಿತು. "ಹಂಗಾರ ಇನ್ನೂ ಚಲೋ ಆತು. ನನ್ನ ಹಲ್ಲೂ ವಾಯರ್ ಹಾಕೇ ಕಟ್ಟ್ಯಾರ!"

ಪೂಜೆ ಕಂಡ ಪಕ್ಕಡ

ಮೂಡಲಗಿಯಲ್ಲಿ ಪಂಪಿನ ಸ್ಟಾರ್ಟರ್ ಡಬ್ಬಿ ಮಾಡುವ ಒಬ್ಬ ಕಾಕಾ ಇದ್ದಾರೆ. ದಸರೆಯಲ್ಲಿ ಹತಾರಗಳಿಗೆ ಮಾಡುವ ಖಂಡೆ ಪೂಜೆ ಮುಗಿದ ವಾರದಲ್ಲಿ ಹೋದಾಗ ಅವರ ಮುಖ ಬಾಡಿತ್ತು.

"ತಂಗಿ, ಪಕ್ಕಡ ಹೊಸಾದ ಐತಿ. ಆದ್ರ ಒತ್ತಿದ್ದು ಒಂದೂ ನಿಲ್ಲವಲ್ದು. ಎಲ್ಲಾ ಡಬ್ಬಿ ವಾಪಸ್ ಬರಾಕತ್ತಾವ."

ನೋಡಿದರೆ ಪಕ್ಕಡದ ಬಾಯಿ ಪೂರ್ತಿ ಮುಚ್ಚುತ್ತಲೇ ಇಲ್ಲ. ಒಳಗೆ ಕುಂಕುಮ, ಭಂಡಾರದ ಅರಿಶಿನ, ವಿಭೂತಿ ಎಲ್ಲ ಸೇರಿ, ಮೇಲೆ ತೆಂಗಿನಕಾಯಿ ನೀರೂ ಬಿದ್ದು, ಒಣಗಿ ಗಾರೆಯಾಗಿ ಕೂತಿತ್ತು. ನಾನು ಬ್ರಶ್ ತೆಗೆದದ್ದೇ ತಡ, ಕಾಕಾ ನನ್ನ ಕೈ ತಡೆದರು.

"ಪೂಜಿ ಮಾಡಿದ್ದನ್ನ ತಿಕ್ಕಿ ತಗೀತಿ? ದೇವರು ಸಿಟ್ಟಾಗೂದಿಲ್ಲ?"

"ದೇವರು ತಿಳಕೊಂತಾನ್ರಿ. ಗಿರಾಕಿ ತಿಳಕೊಳ್ಳೂದಿಲ್ಲ."

ಕಾಕಾ ಚಪ್ಪಲಿ ಬಿಟ್ಟು, ಪಕ್ಕಡಕ್ಕೆ ಕೈ ಮುಗಿದು, "ಹಂ, ತಿಕ್ಕು" ಎಂದರು. ತಿಕ್ಕಿ ಒತ್ತಿದ ಥಿಂಬಲ್ಲನ್ನು ಅವರೇ ಎಳೆದೆಳೆದು ನೋಡಿದರು, ಅದು ಜಪ್ಪೆನ್ನಲಿಲ್ಲ. ಮುಖಕ್ಕೆ ಕಳೆ ಬಂತು.

"ಮುಂದಿನ ಸರ್ತಿ ಪೂಜಿ ಮಾಡ್ರಿ ಕಾಕಾ, ಬ್ಯಾಡ ಅನ್ನೂದಿಲ್ಲ. ಆದ್ರ ಇದರ ಬಾಯಿ ಮುಚ್ಚಿ ಕುಂಡ್ರಿಸ್ರಿ" ಎಂದೆ.

"ಆತು ಬಿಡು" ಎಂದರು ಕಾಕಾ. "ಪೂಜಿ ಹೊತ್ತಿಗೆ ನಮ್ಮ ಮನ್ಯಾಗ ಬಾಯಿ ಮುಚ್ಚಿ ಕುಂಡ್ರಾಕ ಇದೊಂದರ ಸಿಕ್ಕಂಗಾತು!"

ಅರ್ಧಕ್ಕೆ ಬಿಡುವುದಿಲ್ಲ

ಅಂಕಲಗಿಯಲ್ಲಿ ಗಂಡ ಹೆಂಡತಿ ಸೇರಿ ಮೋಟರ್ ರಿಪೇರಿ ಅಂಗಡಿ ನಡೆಸುತ್ತಾರೆ. "ಪಕ್ಕಡ ಕೆಟ್ಟೈತ್ರಿ, ಹಿಡದದ್ದು ಬಿಡವಲ್ದು" ಎಂದು ಗಂಡ ದೂರಿದ.

"ಕೆಟ್ಟಿಲ್ರಿ, ಅದರ ಗುಣಾನ ಹಂಗ. ಒಳಗ ಹಲ್ಲಿನ ಪಟ್ಟಿ ಐತಿ. ಪೂರ್ತಿ ಒತ್ತೂತನಕ ಬಾಯಿ ತಗಿಯೂದಿಲ್ಲ. ಹಿಡದ ಕೆಲಸ ಅರ್ಧಕ್ಕ ಬಿಟ್ಟು ಎದ್ದು ಹೋಗಾಕ ಬರೂದಿಲ್ಲ" ಎಂದೆ.

ಚಹಾ ಸೋಸುತ್ತಿದ್ದ ಹೆಂಡತಿ ಥಟ್ಟನೆ ತಿರುಗಿದಳು. "ಅಕ್ಕಾರ, ಆ ಹಲ್ಲಿನ ಪಟ್ಟಿ ಅಷ್ಟ ಬ್ಯಾರೆ ಸಿಗತೈತೇನ್ರಿ? ನಮ್ಮನಿಯವರಿಗೊಂದು ಕುಂಡ್ರಿಸಬೇಕಾಗಿತ್ತು."

ಹುಕ್ಕೇರಿಯ ಟೇಬಲ್

ಹುಕ್ಕೇರಿಯಲ್ಲಿ ಕೆಲವು ಹೆಣ್ಣುಮಕ್ಕಳು ಒಂದು ಬಾಡಿಗೆ ಕೋಣೆ ಹಿಡಿದು, ಸೋಲಾರ್ ಪಂಪಿಗೆ ವಾಯರ್ ಜೋಡಿಸಿ ಕೊಡುವ ಕೆಲಸ ಶುರು ಮಾಡಿದ್ದರು. ಮೊದಲ ದೊಡ್ಡ ಆರ್ಡರ್ ಕೊಡುವ ಮುನ್ನ ಪರೀಕ್ಷೆ ಮಾಡಲು ಪಂಪ್ ಕಂಪನಿಯ ಒಬ್ಬ ಸಾಹೇಬರು ಬರುವವರಿದ್ದರು. ಹಿಂದಿನ ದಿನವೇ ನಾನು ಹೋಗಿ ಅವರ ಪಕ್ಕಡಗಳನ್ನೆಲ್ಲ ತಿಕ್ಕಿ, ಅಳತೆ ನೋಡಿ ಬಂದಿದ್ದೆ. ಆದರೂ ಮನಸ್ಸು ತಡೆಯದೆ ಪರೀಕ್ಷೆಯ ದಿನ ಮತ್ತೆ ಹೋದೆ. ಒಂದು ಥಿಂಬಲ್ ಕಿತ್ತು ಬಂದರೂ ಆರ್ಡರ್ ಹೋದಂತೆ.

ಬೆಳಿಗ್ಗೆ ಸಾಹೇಬರು ಬಂದರು. ಎಳೆದು ನೋಡುವ ಯಂತ್ರ ತರಲು ಮರೆತಿದ್ದರು. "ಇರಲಿ, ಕೈಲೇ ನೋಡೂಣು" ಎಂದು ಹೆಣ್ಣುಮಕ್ಕಳು ಒತ್ತಿದ ಒಂದು ಥಿಂಬಲ್ಲನ್ನು ಟೇಬಲ್ಲಿನ ಅಂಚಿಗೆ ಬೋಲ್ಟ್ ಹಾಕಿ ಬಿಗಿಸಿ, ವಾಯರ್ ಹಿಡಿದು ಎಳೆದರು. ಬರಲಿಲ್ಲ. ವಾಯರನ್ನು ಕೈಗೆ ಸುತ್ತಿಕೊಂಡು ಎಳೆದರು. ಊಹೂಂ. ಹೆಣ್ಣುಮಕ್ಕಳೆಲ್ಲ ಟೇಬಲ್ಲಿನ ಸುತ್ತ ನೆರೆದರು.

"ಸಾವಕಾಶ್ರಿ ಸರ್" ಎಂದೆ.

"ಸಾವಕಾಶ ಎಳದ್ರ ಅದು ತಪಾಸಣಿ ಹೆಂಗಾಗತೈತ್ರಿ?" ಎಂದವರೇ ಒಂದು ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದರು.

ಫಟ್ ಎಂದು ಸದ್ದಾಯಿತು. ನಾನು ಕಣ್ಣು ಮುಚ್ಚಿಬಿಟ್ಟೆ. ಹೋಯಿತು, ಇವರ ಕನಸೂ ಹೋಯಿತು, ನನ್ನ ಹೆಸರೂ ಹೋಯಿತು ಅಂದುಕೊಂಡೆ.

ಕಣ್ಣು ಬಿಟ್ಟರೆ ಸಾಹೇಬರು ನೆಲದ ಮೇಲೆ ಕೂತಿದ್ದಾರೆ. ಕೈಯಲ್ಲಿ ವಾಯರ್ ಇದೆ. ವಾಯರಿನ ತುದಿಗೆ ಥಿಂಬಲ್ ಹಾಗೇ ಇದೆ. ಥಿಂಬಲ್ಲಿನ ತುದಿಗೆ ಟೇಬಲ್ಲಿನ ಹಲಗೆ ನೇತಾಡುತ್ತಿದೆ.

ಯಾರಿಗೂ ನಗುವ ಧೈರ್ಯ ಇಲ್ಲ. ಅವರಲ್ಲಿ ಹಿರಿಯಳು ಕೇಳಿದಳು: "ಸರ್... ಏನಂತ ಬರಕೊಂತೀರ್ರಿ?"

ಸಾಹೇಬರು ಕೂತಲ್ಲಿಂದಲೇ ಥಿಂಬಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ಯಾಂಟಿನ ಧೂಳು ಕೊಡವಿಕೊಂಡರು. "ಥಿಂಬಲ್ ಪಾಸ್, ಟೇಬಲ್ ನಾಪಾಸ್" ಎಂದರು. "ಆರ್ಡರ್ ನಿಮಗ ಐತಿ, ತಗೋರಿ."

ಹಿರಿಯಳ ಕಣ್ಣಲ್ಲಿ ನೀರು ಬಂತು. ಉಳಿದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಒಬ್ಬಳಿಗೆ ಮಾತ್ರ ಸಮಾಧಾನ ಆಗಲಿಲ್ಲ. ಮುಂದೆ ಬಂದು, ಕೈ ಮುಗಿದು, ಬಹಳ ಕಾಳಜಿಯಿಂದ ಹೇಳಿದಳು:

"ಸರ್, ಆ ನಾಪಾಸ್ ನಮ್ಮ ಹೆಸರಿಗೆ ಬರೀಬ್ಯಾಡ್ರಿ. ಟೇಬಲ್ ನಾವು ಒತ್ತಿದ್ದಲ್ರಿ!"