ಅಂಜುತ್ತ ಮಾಡಿದ ಸೇವೆ

ಮಕ್ಕಳನ್ನು ಸೇವೆಯ ಕೆಲಸಕ್ಕೆ ಕರೆದೊಯ್ದಾಗಲೆಲ್ಲ ಯಾರಾದರೊಬ್ಬರು ಹೆದರುತ್ತಿದ್ದರು. ಬಹಳ ಸಲ ಆ ಒಬ್ಬರು ನಾನೇ. ಐವತ್ತರ ದಶಕದಲ್ಲಿ ಅಕ್ಕಲಕೋಟದ ಹೆಣ್ಣುಮಕ್ಕಳ ಕನ್ನಡ ಸಾಲಿಯಲ್ಲಿ ಅಕ್ಕೋರಾಗಿದ್ದೆ. ಶನಿವಾರ ಸಾಲಿ ಬಿಟ್ಟ ಮೇಲೆ ಹುಡುಗಿಯರು ಊರಿಗೇನಾದರೂ ಮಾಡಬೇಕೆಂದು ಮುಖ್ಯ ಅಕ್ಕೋರ ಹಟ.

ಹಳೆಯ ಬಟ್ಟೆ

ಅನಾಥಾಲಯಕ್ಕೆ ಹಳೆಯ ಬಟ್ಟೆ ಕೂಡಿಸಬೇಕಿತ್ತು. ಸಿಡುಬಿನ ಸುದ್ದಿ ಹಬ್ಬಿದ ದಿನಗಳು. ಲಸಿಕೆ ಚುಚ್ಚುವವರು ಯಾವಾಗ ಬರುತ್ತಾರೋ ಎಂದು ಮನೆಮನೆಯಲ್ಲೂ ದಿಗಿಲು. ನಾನು ಚೀಲ ಹಿಡಿದು ಹುಡುಗಿಯರೊಂದಿಗೆ ಓಣಿಗೆ ಕಾಲಿಟ್ಟದ್ದೇ ತಡ, ಬಾಗಿಲುಗಳು ದಡದಡ ಮುಚ್ಚಿದವು. ಒಂದು ಮನೆಯಿಂದ ಮಾತ್ರ ಮುದುಕರೊಬ್ಬರು ಹೊರಬಂದು, ತೋಳು ಮೇಲೇರಿಸಿ, ಕಣ್ಣು ಮುಚ್ಚಿ ನಿಂತರು. ಉಳಿದವರೆಲ್ಲ ದುಧನಿ ಊರಿಗೆ ಹೋಗಿದ್ದಾರೆ, ಚುಚ್ಚುವುದಾದರೆ ತನಗೊಬ್ಬನಿಗೇ ಚುಚ್ಚಿ ಹೋಗಿ ಎಂದರು. ಅಷ್ಟರಲ್ಲಿ ಒಳಗೆ ಜೋಳದ ಕಣಜದಲ್ಲಿ ಯಾರೋ ಸೀನಿದರು.

"ಅದು ಇಲಿ ಐತ್ರಿ," ಎಂದರು ಮುದುಕರು, ಕಣ್ಣು ತೆರೆಯದೆ.

ಕಣಜದೊಳಗಿಂದ ಹೆಣ್ಣುದನಿ ಬಂತು: "ಹೌದ್ರಿ, ಇಲೀನ."

ಮೋಸಂಬಿ

ಸೋಲಾಪುರದ ದವಾಖಾನೆಯೊಂದರಲ್ಲಿ ಬಡರೋಗಿಗಳಿಗೆ ಮೋಸಂಬಿ ಹಂಚಲು ಹೋದೆವು. ಅಂಜಬೇಡಿ, ನಗುತ್ತ ಮಾತಾಡಿಸಿ ಎಂದು ಮೋಟಾರಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದೆ. ಒಳಗೆ ಔಷಧದ ಘಾಟು. ನರ್ಸಬಾಯಿ ಉದ್ದ ಸೂಜಿ ಹಿಡಿದು ಎದುರಿಗೇ ಬಂದಳು. ಆಮೇಲಿನದು ನನಗೆ ನೆನಪಿಲ್ಲ. ಎಚ್ಚರಾದಾಗ ಮಂಚದ ಮೇಲಿದ್ದೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಹೇಳಿಕೊಟ್ಟಂತೆ ನಕ್ಕು, ಲಗೂನೆ ಆರಾಮಾಗಿರೆಂದು ಹರಸಿ ನನ್ನ ಉಡಿಗೇ ಮೋಸಂಬಿ ಹಾಕುತ್ತಿದ್ದರು.

ಪಕ್ಕದ ಮಂಚದಲ್ಲಿದ್ದ ಗಿರಣಿ ಕೆಲಸದ ಹೆಂಗಸು ಬಹಳ ಹೊತ್ತು ನೋಡಿದಳು. "ಮೋಸಂಬಿ ಬೇಕಂದ್ರ ನಾನೂ ಒಮ್ಮಿ ದಪ್ಪಂತ ಬೀಳಬೇಕೇನ್ರಿ?"

ಊರಾಚೆಯ ಗುಡಿಸಲು

ಹಳ್ಳದಾಚೆ ಕುರಿಹಟ್ಟಿಯ ಪಕ್ಕ ಒಬ್ಬ ಮುದುಕಿ ಒಂಟಿಯಾಗಿದ್ದಳು. ಕಣ್ಣು ಮಂಜು, ಹಳ್ಳದಿಂದ ನೀರು ತರುವಾಗ ಎರಡು ಸಲ ಬಿದ್ದಿದ್ದಳು. ಅವಳಿಗೆ ನೀರು ಹೊತ್ತು ಕೊಡೋಣವೆಂದೆ. ಹುಡುಗಿಯರು ಹಿಂದೆ ಸರಿದರು. ಆ ಗುಡಿಸಲಲ್ಲಿ ದೆವ್ವವಿದೆ, ಹೋದವರು ರಕ್ತ ಕಾರುತ್ತಾರೆ ಎಂದು ಊರೆಲ್ಲ ಮಾತು. ನಾನೇ ಮುಂದಾದೆ. ನಡುಮಧ್ಯಾಹ್ನ, ಆದರೂ ದೇವರ ಹೆಸರು ಹೇಳುತ್ತಲೇ ನೀರಿನ ಕೊಡ ಹೊತ್ತು ನಡೆದೆ.

ಒಳಗೆ ಕತ್ತಲು. ಅಜ್ಜೀ ಎಂದು ಕೂಗಿದೆ. ಮೂಲೆಯಲ್ಲಿದ್ದ ಕಂಬಳಿಗಳ ರಾಶಿ ಮೆಲ್ಲಗೆ ಅಲುಗಿತು. ಅದೇ ಗಳಿಗೆಗೆ ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಕೊಡ ಒಗೆದು ಕಿರುಚಿದೆ. ಹುಡುಗಿಯರು ಹಳ್ಳದವರೆಗೆ ಓಡಿದರು. ತಿರುಗಿ ನೋಡಿದರೆ ಒಂದು ಕುರಿ, ಬಾಯಲ್ಲಿ ನನ್ನ ಸೆರಗು.

ಕಂಬಳಿಯೊಳಗಿಂದ ಮುದುಕಿ ಎದ್ದಳು. ಹಣೆ ತುಂಬ ಕುರಿಗಾರರ ದೇವರು ಬೀರೋಬನ ಭಂಡಾರದ ಅರಿಸಿನ, ಕೈ ಜೋಡಿಸಿ ನಿಂತಳು, ನನಗಿಂತ ಹೆಚ್ಚು ಅಂಜಿದ್ದಳು.

"ಆಶ್ರಮಕ್ಕ ನನ್ನ ಒಯ್ಯಬ್ಯಾಡ್ರಿ ಅಕ್ಕೋರ. ಕುರಿ ಯಾರು ನೋಡತಾರ?"

ಒಯ್ಯಲು ಬಂದಿಲ್ಲ, ನೀರು ತಂದಿದ್ದೆವೆಂದು ಹೇಳಿ ಸಮಾಧಾನ ಮಾಡಿದೆ. ಹುಡುಗಿಯರು ಒಬ್ಬರ ಹಿಂದೊಬ್ಬರು ತಿರುಗಿ ಬಂದು ಬಾಗಿಲಲ್ಲಿ ನಿಂತರು. ಮುದುಕಿ ಅವರ ತಲೆ ತಡವಿ, ದಿನಾ ಬಂದು ಒಂದಿಷ್ಟು ಕೂತು ಹೋಗಿ ಎಂದಳು. ನಂತರ ನನ್ನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದಳು.

"ಒಬ್ಬಾಕಿಗೆ ಅಂಜಿಕಿ ಆಗತೈತ್ರಿ. ಈ ಮನ್ಯಾಗ ದೆವ್ವ ಐತಂತ ಊರಮಂದೆಲ್ಲ ಹೇಳತಾರ."